ಆರೋಗ್ಯ ಭತ್ಯೆಯ ಸದ್ವಿನಿಯೋಗ

ಪಗಾರದ ದಿನ ಮನೆಗೆ ಬರುವ ಹಣದಲ್ಲಿ ಕಿರಾಣಿ ಅಂಗಡಿಯ ಬಾಕಿ, ಮನೆಬಾಡಿಗೆ, ಹಾಲಿನವನ ಲೆಕ್ಕ, ಮಕ್ಕಳ ಪುಸ್ತಕ ಇವೆಲ್ಲಕ್ಕೂ ಒಂದೊಂದು ಸ್ಥಾನವಿರುತ್ತದೆ. ಮನೆಯವರ ಆರೋಗ್ಯಕ್ಕೆ ಮಾತ್ರ ಸ್ಥಾನವಿರುವುದಿಲ್ಲ. ಅದು ಕೆಟ್ಟ ದಿನ ಸಾಲ ಮಾಡಿ ದವಾಖಾನೆಗೆ ಓಡುವುದೇ ನಮ್ಮಲ್ಲಿ ಹೆಚ್ಚಿನವರ ರೂಢಿ. ಬೆಂಕಿ ಬಿದ್ದಾಗ ಬಾವಿ ತೋಡುವುದೆಂದರೆ ಇದೇ ಅಲ್ಲವೇ?

ಈ ರೂಢಿ ತಪ್ಪಲೆಂದು ಈಚಿನ ವರ್ಷಗಳಲ್ಲಿ ಕೆಲವು ಕಾರಖಾನೆಗಳೂ ಕಚೇರಿಗಳೂ ತಮ್ಮ ನೌಕರರ ಆರೋಗ್ಯ ರಕ್ಷಣೆಗಾಗಿಯೇ ವರ್ಷಕ್ಕೆ ಇಷ್ಟೆಂದು ಒಂದು ಮೊತ್ತವನ್ನು ತೆಗೆದಿರಿಸುತ್ತವೆ. ಇದಕ್ಕೆ ಆರೋಗ್ಯ ಭತ್ಯೆ ಎಂದು ಹೆಸರು. ಸಾಂಗಲಿ, ಮಿರಜ, ಕುಪವಾಡಗಳಲ್ಲಿ ದುಡಿಯುವ ಪಾಲಕರಲ್ಲಿ ಕೆಲವರಿಗೆ ಈ ಭತ್ಯೆಯು ದೊರೆಯುತ್ತದೆ. ಇನ್ನು ಕೆಲವರಿಗೆ ನೌಕರರ ರಾಜ್ಯ ವಿಮೆ, ಅಂದರೆ ಇ.ಎಸ್.ಐ. ಸೌಲಭ್ಯವಿದೆ. ದೊರೆತುದನ್ನು ಹೇಗೆ ಬಳಸಬೇಕೆಂಬುದೇ ಈ ಪಾಠದ ವಿಷಯ.

ದುಡಿಸಿಕೊಳ್ಳುವವನು ದುಡಿಯುವವನ ಕ್ಷೇಮವನ್ನೂ ನೋಡಬೇಕೆಂಬ ವಿಚಾರವು ನಮ್ಮ ಭಾಗಕ್ಕೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಔಂಧ ಸಂಸ್ಥಾನದ ಬಂಜರು ಭೂಮಿಗೆ ತಮ್ಮ ಕಾರಖಾನೆಯನ್ನು ತಂದರು. ಇಂದು ಸಾಂಗಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿಯೇ ಆ ಸ್ಥಳ. ಅಲ್ಲಿ ಕಬ್ಬಿಣದ ನೇಗಿಲಿನ ಜೊತೆಯಲ್ಲಿ ಕೆಲಸಗಾರರು ನೆಲೆಸುವ ಒಂದು ಊರೂ ಬೆಳೆಯಿತು. ಆ ಭೂಮಿಯನ್ನು ಕೊಟ್ಟ ಔಂಧದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಸೂರ್ಯನಮಸ್ಕಾರದ ಮಹಾಪ್ರಚಾರಕರು. ತಮ್ಮ ಸಂಸ್ಥಾನದ ಶಾಲೆಗಳಲ್ಲಿ ಅದನ್ನು ರೂಢಿಗೆ ತಂದವರು. ಈ ಇಬ್ಬರ ಕಾರ್ಯದಿಂದ ನಾವು ಒಂದು ಮಾತನ್ನು ಕಲಿಯಬಹುದು. ಆರೋಗ್ಯಕ್ಕೆ ಬೇಕಾದುದರಲ್ಲಿ ಕೆಲವು ಹಣದಿಂದ ಬರತಕ್ಕವು, ಕೆಲವು ಹಣವಿಲ್ಲದೆ ಬರತಕ್ಕವು. ಇವೆರಡನ್ನೂ ಬೇರ್ಪಡಿಸಿ ನೋಡಬಲ್ಲವನೇ ಭತ್ಯೆಯನ್ನು ಸರಿಯಾಗಿ ಬಳಸಬಲ್ಲನು.

ಮೊದಲು ರಾಜ್ಯ ವಿಮೆಯ ಲೆಕ್ಕವನ್ನು ನೋಡೋಣ. 1948ರ ಕಾಯಿದೆಯಿಂದ ಹುಟ್ಟಿದ ಈ ಯೋಜನೆಯು 1952ರ ಫೆಬ್ರುವರಿ 24ರಂದು ಕಾನಪುರ ಮತ್ತು ದಿಲ್ಲಿಗಳಲ್ಲಿ ಆರಂಭವಾಗಿ ಕ್ರಮೇಣ ದೇಶದಲ್ಲೆಲ್ಲ ಹರಡಿತು. 2017ರಿಂದ ತಿಂಗಳಿಗೆ 21,000 ರೂಪಾಯಿಯವರೆಗಿನ ವೇತನದವರು ಇದರಲ್ಲಿ ಸೇರುತ್ತಾರೆ. 2019ರ ಜುಲೈ 1ರಿಂದ ನಿಗದಿಯಾದಂತೆ ನೂರು ರೂಪಾಯಿ ವೇತನಕ್ಕೆ ನೌಕರನು 75 ಪೈಸೆಯನ್ನೂ ಮಾಲಕನು 3 ರೂಪಾಯಿ 25 ಪೈಸೆಯನ್ನೂ ತುಂಬಬೇಕು. ತಂದೆಯವರ ವೇತನ 16,000 ರೂಪಾಯಿ ಎಂದಿಟ್ಟುಕೊಳ್ಳಿರಿ. ಅವರಿಂದ 120, ಮಾಲಕರಿಂದ 520, ಒಟ್ಟು ತಿಂಗಳಿಗೆ 640 ರೂಪಾಯಿ. ವರ್ಷಕ್ಕೆ 7,680 ರೂಪಾಯಿಗಳಾದವು. ಇದಕ್ಕೆ ಪ್ರತಿಯಾಗಿ ನೌಕರನಿಗೂ ಅವನ ಹೆಂಡತಿ ಮಕ್ಕಳಿಗೂ ಅವನನ್ನೇ ಅವಲಂಬಿಸಿದ ತಂದೆತಾಯಿಗಳಿಗೂ ಚಿಕಿತ್ಸೆ ದೊರೆಯುತ್ತದೆ. ವಂತಿಗೆ ತುಂಬುವ ಆರು ತಿಂಗಳ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿದ್ದರೆ, ಕಾಯಿಲೆಯಿಂದ ಕೆಲಸ ತಪ್ಪಿದಾಗ ವರ್ಷದಲ್ಲಿ 91 ದಿನಗಳವರೆಗೆ ವೇತನದ ನೂರಕ್ಕೆ 70 ಭಾಗವೂ ಸಿಗುತ್ತದೆ. ಆದರೆ ಮನೆಯವರೆಲ್ಲರ ಹೆಸರು ವಿಮೆಯ ದಾಖಲೆಯಲ್ಲಿ ಸೇರಿರಬೇಕು. ಹಣ ಕಡಿತವಾಗುತ್ತಿದ್ದರೂ ಹೆಸರು ಸೇರಿಸದೆ ಉಳಿದ ಮನೆಗಳನ್ನು ನಾವು ಕಂಡಿದ್ದೇವೆ.

ಇನ್ನು ಭತ್ಯೆಯ ಮಾತು. ಭತ್ಯೆಯ ನಿಯಮಗಳು ಒಂದೊಂದು ಕಡೆ ಒಂದೊಂದು ಬಗೆ. ಆದ್ದರಿಂದ ನಾಲ್ಕು ಪ್ರಶ್ನೆಗಳನ್ನು ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಬೇಕು. ಹಣವು ಸಂಬಳದೊಡನೆ ಬರುವುದೋ, ಬಿಲ್ಲು ತೋರಿಸಿದ ಮೇಲೆ ಬರುವುದೋ? ಯಾವ ಯಾವ ವೆಚ್ಚಗಳಿಗೆ ಸಲ್ಲುವುದು? ಮನೆಯವರಿಗೂ ಸಲ್ಲುವುದೇ? ವರ್ಷದ ಕೊನೆಯಲ್ಲಿ ಉಳಿದ ಹಣವು ಮುಂದಿನ ವರ್ಷಕ್ಕೆ ಹೋಗುವುದೋ, ಮುಳುಗುವುದೋ? ಸಂಬಳದೊಡನೆ ನಗದಾಗಿ ಬಂದರೆ ಅದು ತೆರಿಗೆಯ ಲೆಕ್ಕಕ್ಕೆ ಸೇರುವುದೆಂಬುದನ್ನೂ ನೆನಪಿನಲ್ಲಿಡಬೇಕು. ಹಿಂದೆ ಬಿಲ್ಲು ತೋರಿಸಿ ಪಡೆದ ವೈದ್ಯಕೀಯ ವೆಚ್ಚಕ್ಕೆ ವರ್ಷಕ್ಕೆ 15,000 ರೂಪಾಯಿಯವರೆಗೆ ಇದ್ದ ತೆರಿಗೆ ವಿನಾಯಿತಿಯು 2018ರ ಏಪ್ರಿಲಿನಿಂದ ರದ್ದಾಗಿದೆ.

ಈ ಪ್ರಶ್ನೆಗಳನ್ನು ಕೇಳದೆ ನಾವೇ ಒಮ್ಮೆ ನಷ್ಟಪಟ್ಟೆವು. ಹಿಂದೆ ನಾವು ದುಡಿಯುತ್ತಿದ್ದ ಕಡೆ ಇಂಥದೊಂದು ಭತ್ಯೆಯಿತ್ತು. ಇನ್ನೂ ಸಮಯವಿದೆ ಎನ್ನುತ್ತ ಮಾರ್ಚಿಯ ಕೊನೆಯ ವಾರದವರೆಗೆ ಕಾಲಹರಣ ಮಾಡಿದೆವು. ಕೊನೆಗೆ ಒಂದು ಚಷ್ಮದ ಬಿಲ್ಲನ್ನು ಒಯ್ದರೆ ಅದರ ಮೇಲೆ ಹೆಸರೂ ಇರಲಿಲ್ಲ, ದಿನಾಂಕವೂ ಇರಲಿಲ್ಲ. ಹಣ ಮುಳುಗಿತು. ಹಣ ಹೋದುದು ದೊಡ್ಡದಲ್ಲ. ಮನೆಯ ಹಿರಿಯರೊಬ್ಬರಿಗೆ ಅದೇ ಹಣದಲ್ಲಿ ಮಾಡಿಸಬೇಕೆಂದಿದ್ದ ರಕ್ತಪರೀಕ್ಷೆಯೂ ನಿಂತುಹೋಯಿತು. ಎರಡು ವರ್ಷಗಳ ತರುವಾಯ ಅವರ ಕಾಲಿನ ಗಾಯವೊಂದು ಮಾಯದೆ ಉಳಿದಾಗಲೇ ಸಕ್ಕರೆ ಕಾಯಿಲೆಯಿರುವುದು ತಿಳಿಯಿತು. ಆ ಎರಡು ವರ್ಷಗಳನ್ನು ಯಾವ ಭತ್ಯೆಯೂ ಮರಳಿ ತರಲಾರದು.

ಆದುದರಿಂದ ಭತ್ಯೆಯ ಮೊದಲ ಪಾಲು ಸದ್ದಿಲ್ಲದೆ ಬರುವ ರೋಗಗಳ ಪತ್ತೆಗೆ ಸಲ್ಲಬೇಕು. ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಬಹುಕಾಲ ನೋವನ್ನು ಕೊಡದೆ ಒಳಗೇ ಕಣ್ಣು, ಮೂತ್ರಪಿಂಡ, ಹೃದಯಗಳನ್ನು ಕೆಡಿಸುತ್ತವೆ. ಉಪವಾಸದಲ್ಲಿ ನೋಡಿದ ರಕ್ತದ ಸಕ್ಕರೆಯು 100ಕ್ಕಿಂತ ಕೆಳಗಿದ್ದರೆ ಸರಿ. 126 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಪುನಃ ಪರೀಕ್ಷಿಸಿ ವೈದ್ಯರು ರೋಗವನ್ನು ನಿರ್ಣಯಿಸುತ್ತಾರೆ. ರಕ್ತದೊತ್ತಡವು ಮತ್ತೆ ಮತ್ತೆ ನೋಡಿದಾಗಲೂ 140/90 ಅಥವಾ ಅದಕ್ಕೆ ಮೇಲ್ಪಟ್ಟು ಇದ್ದರೆ ಚಿಕಿತ್ಸೆ ಅವಶ್ಯ. ಎರಡನೆಯ ಪಾಲು ಕಣ್ಣು ಮತ್ತು ಹಲ್ಲುಗಳಿಗೆ. ಕರಿಹಲಗೆ ಕಾಣದ ಬಾಲಕನನ್ನು ದಡ್ಡನೆಂದು ಬಗೆಯುವ ಮೊದಲು ಅವನ ಕಣ್ಣನ್ನು ಪರೀಕ್ಷಿಸಬೇಕು.

ಪುಕ್ಕಟೆಯಾಗಿ ದೊರೆಯುವುದನ್ನು ಭತ್ಯೆಯಿಂದ ಕೊಳ್ಳಬಾರದು. ಮಕ್ಕಳ ನಿಗದಿತ ಲಸಿಕೆಗಳೂ, 30 ವರ್ಷ ದಾಟಿದವರ ಸಕ್ಕರೆ ಮತ್ತು ರಕ್ತದೊತ್ತಡದ ಪ್ರಾಥಮಿಕ ತಪಾಸಣೆಯೂ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ವೆಚ್ಚವಿಲ್ಲದೆ ದೊರೆಯುತ್ತವೆ. ವ್ಯಾಯಾಮವೂ ಹಾಗೆಯೇ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದಂತೆ ದೊಡ್ಡವರಿಗೆ ವಾರಕ್ಕೆ 150 ನಿಮಿಷಗಳ ಬಿರುಸು ನಡಿಗೆಯಷ್ಟು ಶ್ರಮ ಸಾಕು. ಮಕ್ಕಳಿಗೆ ದಿನಕ್ಕೆ 60 ನಿಮಿಷಗಳ ಆಟ ಬೇಕು. ಕೃಷ್ಣೆಯ ದಂಡೆಯ ನಡಿಗೆಗೆ ಯಾರೂ ಶುಲ್ಕ ಕೇಳುವುದಿಲ್ಲ. ವ್ಯಾಯಾಮಶಾಲೆಗೆ ಹಣ ಕೊಡುವುದು ತಪ್ಪಲ್ಲ, ಆದರೆ ಅಲ್ಲಿಗೆ ಹೋಗಬೇಕು. 4,800 ರೂಪಾಯಿ ವರ್ಷದ ಶುಲ್ಕ ತುಂಬಿ ಹನ್ನೆರಡೇ ದಿನ ಹೋದವನಿಗೆ ಒಂದು ದಿನದ ವ್ಯಾಯಾಮಕ್ಕೆ 400 ರೂಪಾಯಿ ಬಿದ್ದಂತಾಯಿತು!

ಒಂದು ಉದಾಹರಣೆ ನೋಡೋಣ. ವರ್ಷದ ಭತ್ಯೆ 6,000 ರೂಪಾಯಿ. ನಿಯಮದಂತೆ ಮನೆಯವರಿಗೂ ಸಲ್ಲುವುದು ಎಂದಿಟ್ಟುಕೊಳ್ಳೋಣ. ಮನೆಯ ದೊಡ್ಡವರ ತಪಾಸಣೆಗೆ 3,000, ಚಷ್ಮಕ್ಕೆ 1,500, ಹಲ್ಲಿನ ವೈದ್ಯರಿಗೆ 900 ಎಂದು ವಿಂಗಡಿಸಿದರೆ 600 ರೂಪಾಯಿ ಅನಿರೀಕ್ಷಿತಕ್ಕೆ ಉಳಿಯುತ್ತದೆ. ಪರೀಕ್ಷೆಗಳ ದರವು ಕಡೆಯಿಂದ ಕಡೆಗೆ ಬೇರೆಯಾದುದರಿಂದ ಎರಡು ಮೂರು ಕಡೆ ವಿಚಾರಿಸಬೇಕು. ವೈದ್ಯರು ಬರೆದುಕೊಟ್ಟ ಔಷಧವು ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ದೊರೆಯುವುದೇ ಎಂಬುದನ್ನೂ ನೋಡಬೇಕು. ಎಲ್ಲವನ್ನೂ ವರ್ಷದ ಮೊದಲ ಮೂರು ತಿಂಗಳಲ್ಲಿ ಮುಗಿಸಿದರೆ ಕೊನೆಯ ಗಡಿಬಿಡಿ ಇರದು.

1894ರಲ್ಲಿ ಡಾಕ್ಟರ್ ವಿಲಿಯಂ ವಾನ್ಲೆಸ್ಸರು ಮಿರಜದಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ಈ ಊರು ವೈದ್ಯಕೀಯಕ್ಕೆ ಹೆಸರಾಗಿದೆ. ಅಥಣಿ, ರಾಯಬಾಗ, ವಿಜಯಪುರಗಳ ಕಡೆಯಿಂದ ರೋಗಿಗಳು ಇಲ್ಲಿಗೆ ಬರುತ್ತಾರೆ. ಇಲ್ಲಿಯೇ ಇರುವ ನಾವು ಮಾತ್ರ ನಾಳೆ ನೋಡೋಣವೆಂದು ಸುಮ್ಮನಿರುತ್ತೇವೆ. ದೀಪದ ಕೆಳಗೇ ಕತ್ತಲೆ!

ವಿದ್ಯಾರ್ಥಿಗಳೇ, ಇಲ್ಲಿ ನಿಮಗೂ ಕರ್ತವ್ಯವಿದೆ. ಕಚೇರಿಯ ನಮೂನೆಗಳು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತವೆ. ನಿಮ್ಮ ಮನೆಯ ಹಿರಿಯರಲ್ಲಿ ಅನೇಕರು ಓದಬಲ್ಲುದು ಕನ್ನಡವೊಂದನ್ನೇ. ಕೆಲವರಿಗೆ ಅದೂ ಬಾರದು. ಅರ್ಥವಾಗದ ಕಾಗದವನ್ನು ಅವರು ಪೆಟ್ಟಿಗೆಯಲ್ಲಿಡುತ್ತಾರೆ, ಅವಧಿ ಕಳೆಯುತ್ತದೆ. ನೀವು ಶಾಲೆಯಲ್ಲಿ ಮೂರೂ ಭಾಷೆಗಳನ್ನು ಕಲಿಯುತ್ತಿರುವಿರಿ. ಆ ಕಾಗದವನ್ನು ಓದಿ ಅದರ ಸಾರವನ್ನು ಕನ್ನಡದಲ್ಲಿ ತಿಳಿಸಿಕೊಡಿರಿ. ನಿಮ್ಮ ವಿದ್ಯೆಯ ಮೊದಲ ಫಲವು ನಿಮ್ಮ ಅವ್ವ ಅಪ್ಪಂದಿರಿಗೆ ಸಲ್ಲಲಿ.

ಮನೆಯಲ್ಲಿ ಮಾಡತಕ್ಕ ಅಭ್ಯಾಸ

1. ಒಂದು ವಹಿಯಲ್ಲಿ ಮನೆಯ ಪ್ರತಿಯೊಬ್ಬರಿಗೂ ಒಂದು ಪುಟವನ್ನಿಟ್ಟು, ತಪಾಸಣೆಯ ದಿನಾಂಕವನ್ನೂ ಫಲವನ್ನೂ ಬರೆಯಿರಿ.

2. ಹೆಸರು, ದಿನಾಂಕ, ಮೊತ್ತ ಈ ಮೂರೂ ಇರುವ ಬಿಲ್ಲುಗಳನ್ನು ಒಂದು ಲಕೋಟೆಯಲ್ಲಿ ಕೂಡಿಡಿರಿ.

3. ವೇತನ 18,000 ರೂಪಾಯಿ ಇದ್ದಾಗ ನೌಕರನ ಮತ್ತು ಮಾಲಕನ ತಿಂಗಳ ವಂತಿಗೆ ಎಷ್ಟೆಷ್ಟು? ಲೆಕ್ಕ ಮಾಡಿ ಮನೆಯಲ್ಲಿ ವಿವರಿಸಿರಿ.