ಡಿಸ್ಕ್ ಕಾಣ್ತಿಲ್ಲ ಅಂದ್ರೆ ಡಿಸ್ಕೇ ಸತ್ತಿದೆ ಅಂತಲ್ಲ

ಲಿನಕ್ಸ್‌ನಲ್ಲಿ ಡಿಸ್ಕ್ ಕಾಣಿಸದಿದ್ದರೆ ನಾವು ಮೊದಲು ಹೇಳೋದು "ಹಾರ್ಡ್ ಡಿಸ್ಕ್ ಹೋಯ್ತು" ಅಂತ. ಆಮೇಲೆ ಯಾರೋ ಒಬ್ರು "ಫಾರ್ಮ್ಯಾಟ್ ಮಾಡಿ ನೋಡು" ಅಂತಾರೆ. ಪ್ರಾಜೆಕ್ಟ್ ಕೋಡು, ರಿಪೋರ್ಟು ಎಲ್ಲಾ ಅದರಲ್ಲೇ ಇರುವಾಗ ಈ ಸಲಹೆ ಕೇಳಬೇಡಿ. ಡಿಸ್ಕಿಗೂ ಲಿನಕ್ಸ್‌ಗೂ ನಡುವೆ ಕೇಬಲ್, ಸ್ಟೋರೇಜ್ ಕಂಟ್ರೋಲರ್, ಅದರ ಡ್ರೈವರ್ ಇವೆ. ತಪ್ಪು ಯಾವುದರದ್ದೂ ಇರಬಹುದು.

ಹಾಸನದಿಂದ ಬೂವನಹಳ್ಳಿಗೆ ಬಸ್ ಬರಲಿಲ್ಲ ಅಂದ್ಕೊಳ್ಳಿ. ಬಸ್ಸೇ ಇಲ್ವಾ? ಬಸ್ಸಿದ್ದು ಡ್ರೈವರ್ ಇಲ್ವಾ? ಇಬ್ಬರೂ ಇದ್ದು ರಸ್ತೆ ಕೆಟ್ಟಿದೆಯಾ? ಇಲ್ಲೂ ಇದೇ ಕ್ರಮದಲ್ಲಿ ಕೇಳಿದರಾಯ್ತು.

ಮೊದಲೆರಡು ಪ್ರಶ್ನೆಗೆ ಎಲ್‌ಎಸ್‌ಪಿಸಿಐ ಕಮಾಂಡ್ ಸಾಕು. ಅದಕ್ಕೆ ಹೈಫನ್ ಕೆ ಸೇರಿಸಿದರೆ ಕಂಟ್ರೋಲರ್ ಹೆಸರಿನ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಅನ್ನೋ ಸಾಲು ಬರುತ್ತೆ. ಹೆಸರೇ ಇಲ್ಲದಿದ್ದರೆ ಬಯಾಸ್, ಸ್ಲಾಟ್, ಕಾರ್ಡ್ ನೋಡಿ. ಹೆಸರಿದ್ದು ಆ ಸಾಲಿಲ್ಲದಿದ್ದರೆ ಡ್ರೈವರ್ ಕೂತಿಲ್ಲ. 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಹಳೆಯ ಎಲ್‌ಎಸ್‌ಐ ಎಸ್‌ಎಎಸ್2008 ಕಾರ್ಡುಗಳಿಗೆ ಬೆಂಬಲ ತೆಗೆದುಬಿಟ್ಟರು. ಕಾರ್ಡೂ ಚೆನ್ನಾಗಿತ್ತು, ಡಿಸ್ಕೂ ಚೆನ್ನಾಗಿತ್ತು, ಇನ್‌ಸ್ಟಾಲರ್‌ಗೆ ಮಾತ್ರ ಏನೂ ಕಾಣ್ತಿರಲಿಲ್ಲ!

ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಇದರ ತಮ್ಮ ಇಂಟೆಲ್ ವಿಎಂಡಿ. ಇದು ಆನ್ ಇದ್ದರೆ ಎನ್‌ವಿಎಂಇ ಡಿಸ್ಕ್ ಅದರ ಹಿಂದೆ ಅಡಗಿರುತ್ತೆ. ವಿಎಂಡಿ ಡ್ರೈವರ್ ಇಲ್ಲದ ಹಳೇ ಇನ್‌ಸ್ಟಾಲರ್‌ಗೆ ಅದು ಕಾಣಲ್ಲ. ಹೊಸ ಕರ್ನಲ್ ಇರುವ ಆವೃತ್ತಿ ಹಾಕಿ ನೋಡೋದೇ ವಾಸಿ. ವಿಂಡೋಸ್ ಕೂಡ ಇರುವ ಲ್ಯಾಪ್‌ಟಾಪ್‌ನಲ್ಲಿ ಬಯಾಸ್‌ಗೆ ಹೋಗಿ ದಿಢೀರನೆ ವಿಎಂಡಿ ಆಫ್ ಮಾಡಿದರೆ ವಿಂಡೋಸ್ ಬೂಟ್ ಆಗದೆ ನೀಲಿ ಪರದೆ ಬರಬಹುದು. ಮಾಡಲೇಬೇಕಿದ್ದರೆ ಬಿಟ್‌ಲಾಕರ್ ಕೀ ಮೊದಲು ಬರೆದಿಟ್ಟುಕೊಳ್ಳಿ.

ಇನ್ನು ರಸ್ತೆ. ಹಳೇ ಡೆಸ್ಕ್‌ಟಾಪ್ ಇರುವವರು ಇದನ್ನ ಗಮನವಿಟ್ಟು ಓದಿ. ಡಿಮೆಸೇಜ್ ಕಮಾಂಡ್ ಕೊಟ್ಟಾಗ 'ಹಾರ್ಡ್ ರೀಸೆಟಿಂಗ್ ಲಿಂಕ್' ಮತ್ತೆ ಮತ್ತೆ ಬರ್ತಿದ್ಯಾ? ಸಾಟಾ ವೇಗ 6 ಗಿಗಾಬಿಟ್‌ನಿಂದ 3ಕ್ಕೆ, 1.5ಕ್ಕೆ ಇಳಿದಿದೆಯಾ? ದೋಷ ಹೆಚ್ಚಾದಾಗ ಕರ್ನಲ್ ತಾನೇ ಹೀಗೆ ವೇಗ ಇಳಿಸುತ್ತೆ. ಆಗ ಸ್ಮಾರ್ಟ್‌ಸಿಟಿಎಲ್‌ನಲ್ಲಿ 199ನೇ ಸಾಲು, ಅಂದರೆ ಸಿಆರ್‌ಸಿ ದೋಷಗಳ ಎಣಿಕೆ ನೋಡಿ. ಅದು ಏರ್ತಿದ್ದರೆ ಹೆಚ್ಚಾಗಿ ಕೇಬಲ್ಲಿನದೇ ತಪ್ಪು. ಕೇಬಲ್ ಬದಲಿಸಿದ ಮೇಲೂ ಆ ಅಂಕಿ ಸೊನ್ನೆಗೆ ಇಳಿಯಲ್ಲ, ಗಾಬರಿ ಬೇಡ. ಇನ್ನೂ ಏರುತ್ತಾ ಅನ್ನೋದಷ್ಟೇ ನೋಡಬೇಕು.

5 ಅಥವಾ 197ನೇ ಸಾಲು ಏರ್ತಿದ್ದರೆ ಮಾತ್ರ ಡಿಸ್ಕ್ ನಿಜವಾಗಲೂ ಸಾಯ್ತಿದೆ. ಆಗ ಎಫ್‌ಎಸ್‌ಸಿಕೆ ಓಡಿಸಬೇಡಿ, ಅದು ಡಿಸ್ಕಿಗೆ ಬರೆಯುತ್ತೆ. ಬೇರೆ ಡಿಸ್ಕ್ ತಂದು ಡಿಡಿರೆಸ್ಕ್ಯೂನಿಂದ ಪೂರ್ತಿ ನಕಲು ತೆಗೆದು, ರಿಪೇರಿಯನ್ನ ಆ ನಕಲಿನ ಮೇಲೆ ಮಾಡಿ.