ಪಿಸಿ ಹಾಕಿಸೋದಾ, ಪ್ಲೇಸ್ಟೇಷನ್ ತಗೊಳ್ಳೋದಾ?

ಶಿವಮೊಗ್ಗದ ದುರ್ಗಿಗುಡಿ ಕಡೆ ಕಂಪ್ಯೂಟರ್ ಜೋಡಿಸಿ, ರಿಪೇರಿ ಮಾಡಿ ಬದುಕುವ ನನ್ನಂಥವರಿಗೆ ಪಿಯುಸಿ ರಿಸಲ್ಟ್ ಬಂದ ಮೇಲೆ ತಪ್ಪದೆ ಎದುರಾಗುವ ಪ್ರಶ್ನೆ ಇದು. ಕೆಲಸ ಕಲಿಸಿದ ಉತ್ತರಗಳನ್ನು ಬರೆದಿದ್ದೇನೆ.

1. ಬಜೆಟ್‌ಗಿಂತ ಮೊದಲು ಆಟದ ಹೆಸರು ಕೇಳಿ. ಕೌಂಟರ್-ಸ್ಟ್ರೈಕ್ 2 ಪಿಸಿಯಲ್ಲಿ ಮಾತ್ರ ಇದೆ. ವ್ಯಾಲರಂಟ್ 2024ರಲ್ಲಿ ಕನ್ಸೋಲ್‌ಗೂ ಬಂತು, ಆದರೆ ಪಿಸಿಯಲ್ಲಿ ಆಡುವ ಗೆಳೆಯರ ಜೊತೆ ಅಲ್ಲಿಂದ ಸೇರಲಾಗದು. ಎರಡೂ ಪುಕ್ಕಟೆ, ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಸಾಕು. ಹಾಲ್‌ನ ಟಿವಿ ಮುಂದೆ ಅಣ್ಣ ತಮ್ಮ ಕೂತು ಫುಟ್ಬಾಲ್ ಆಡುವುದಾದರೆ ಕನ್ಸೋಲೇ ಸರಿ.

2. ಕೊಳ್ಳುವ ದಿನದ ಲೆಕ್ಕವೇ ಬೇರೆ, ಆಮೇಲಿನ ಲೆಕ್ಕವೇ ಬೇರೆ. 2021ರ ಫೆಬ್ರವರಿಯಲ್ಲಿ ಪಿಎಸ್5 ಭಾರತಕ್ಕೆ ಬಂದಾಗ ಡಿಸ್ಕ್ ಮಾದರಿಗೆ ₹49,990. ಕ್ರಿಪ್ಟೊ ಗಿರಾಕಿ, ಚಿಪ್ ಕೊರತೆ ಎರಡೂ ಸೇರಿ ಕಾರ್ಡುಗಳ ಬೆಲೆ ಏರಿಸಿದ್ದ ಆ ವರ್ಷ, ಅಷ್ಟು ದುಡ್ಡಿಗೆ ಅಷ್ಟು ಶಕ್ತಿಯ ಪಿಸಿ ಜೋಡಿಸುವುದು ಆಗದ ಮಾತು. ಆದರೆ ದುಡ್ಡು ಕೊಟ್ಟು ಕೊಂಡ ಆಟವನ್ನು ಪಿಎಸ್5ರಲ್ಲಿ ಆನ್‌ಲೈನ್ ಆಡಲು ಮತ್ತೆ ಚಂದಾ ಕಟ್ಟಬೇಕು. ಪಿಸಿಗೆ ಆ ಬಾಬತ್ತಿಲ್ಲ. ಸ್ಟೀಮ್‌ನಲ್ಲಿ 2015ರಿಂದ ರೂಪಾಯಿ ಬೆಲೆಯಿದೆ, ಸೇಲ್ ಇದೆ. ಕನ್ಸೋಲ್‌ನವರಿಗೆ ಒಂದೇ ಸಮಾಧಾನ: ಆಡಿ ಮುಗಿಸಿದ ಡಿಸ್ಕ್ ಮಾರಬಹುದು.

3. ಕರೆಂಟಿನ ವಿಚಾರ ಮೊದಲೇ ತೀರ್ಮಾನಿಸಿ. ಆಫೀಸಿನ ಕಂಪ್ಯೂಟರಿಗೆ ಸಾಕಾಗುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರುತ್ತದೆ. ದೊಡ್ಡ ಕಾರ್ಡ್ ಹಾಕಿದ ಪಿಸಿ ಆಟದ ಮಧ್ಯೆ ಅದನ್ನು ಮೀರಿದರೆ, ಕರೆಂಟ್ ಹೋದ ಕ್ಷಣಕ್ಕೆ ಎಲ್ಲವೂ ಬಂದ್. ಪಿಎಸ್5 ಸುಮಾರು 200 ವ್ಯಾಟ್‌ನಲ್ಲಿ ಮುಗಿಸುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಇಡಿ. ಅರ್ತಿಂಗ್ ನೋಡಿಸಿ. ಹಳೇ ಕ್ವಾರ್ಟರ್ಸ್, ಹಳೇ ವೈರಿಂಗ್ ಇರುವ ಭದ್ರಾವತಿಯ ಗಿರಾಕಿಗಳಿಗೆ ಇದನ್ನು ಒತ್ತಿ ಹೇಳುತ್ತೇನೆ. ಅಗ್ಗದ ಎಸ್‌ಎಂಪಿಎಸ್ ಹಾಕಿಸಿ ಕಾರ್ಡ್ ಸುಟ್ಟುಕೊಳ್ಳಬೇಡಿ.

4. ಮಲೆನಾಡಿನ ಮಳೆಗಾಲಕ್ಕೆ ಎರಡೂ ಒಂದೇ. ಜೂನ್‌ನಿಂದ ತಿಂಗಳುಗಟ್ಟಲೆ ಮುಚ್ಚಿಟ್ಟ ಯಂತ್ರ ತೇವ ಹಿಡಿಯುತ್ತದೆ. ಆಡದಿದ್ದರೂ ಆಗಾಗ ಆನ್ ಮಾಡಿ. ಬೇಸಿಗೆಗೆ ಮುಂಚೆ ಫ್ಯಾನಿನ ಧೂಳು ತೆಗೆಸಿ. ಕನ್ಸೋಲನ್ನು ಟಿವಿ ಶೋಕೇಸ್‌ನ ಗಾಜಿನೊಳಗೆ ಇಟ್ಟರೆ ಬಿಸಿ ಹೊರಗೆ ಹೋಗದು.

5. ಕೆಟ್ಟರೆ ಏನು ಗತಿ ಅಂತಲೂ ಯೋಚಿಸಿ. ಪಿಸಿಯಲ್ಲಿ ಕೆಟ್ಟದ್ದು ರ್‍ಯಾಮ್ ಆದರೆ ರ್‍ಯಾಮ್ ಮಾತ್ರ ಬದಲಾಗುತ್ತದೆ. ಊರಲ್ಲಿ ಸಿಗದ ಪಾರ್ಟ್ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ರಾತ್ರಿ ಬಸ್ಸಿಗೆ ಬರುತ್ತದೆ. ಕನ್ಸೋಲ್‌ನಲ್ಲಿ ಎಚ್‌ಡಿಎಂಐ ಪೋರ್ಟ್ ಮುರಿದರೂ ಬೋರ್ಡಿಗೇ ಸೋಲ್ಡರ್ ಹಿಡಿಯಬೇಕು. ಆ ಕೈ ಎಲ್ಲರಿಗೂ ಇಲ್ಲ.

6. ಪಿಸಿ ಅಂದಮೇಲೆ ಚಾಕರಿ ಇದ್ದದ್ದೇ. ಡ್ರೈವರ್, ಅಪ್‌ಡೇಟ್, ಸೆಟ್ಟಿಂಗ್ ಮುಗಿಯುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು; ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಲು ಬಯೋಸ್‌ಗೆ ಹೋಗಿ ಟಿಪಿಎಂ, ಸೆಕ್ಯೂರ್ ಬೂಟ್ ಆನ್ ಮಾಡಬೇಕಾಗಬಹುದು. ಇದನ್ನೆಲ್ಲ ಹುಡುಕಿ ಮಾಡುವ ಹುಡುಗನಿಗೆ ಅದೇ ಅರ್ಧ ಆಟ. ಬೇಸರಪಡುವವನಿಗೆ ದಂಡ.

7. ಮನೆಯಲ್ಲಿ ಇನ್ಯಾರಿಗೆ ಉಪಯೋಗ ಅಂತ ನೋಡಿ. ಇಂಜಿನಿಯರಿಂಗ್ ಸೇರುವವನಿಗೆ ಡ್ರಾಯಿಂಗ್, ಕೋಡಿಂಗ್, ಪ್ರಾಜೆಕ್ಟ್ ಎಲ್ಲಕ್ಕೂ ಅದೇ ಪಿಸಿ ಆಗುತ್ತದೆ. ಅಮ್ಮನ ಸಂಘದ ಲೆಕ್ಕವೂ ನುಡಿಯಲ್ಲಿ ಟೈಪ್ ಆಗುತ್ತದೆ. ಹೇಗೂ ಕಂಪ್ಯೂಟರ್ ಕೊಳ್ಳಲೇಬೇಕಾದ ಮನೆಗೆ ಗೇಮಿಂಗ್‌ನ ನಿಜವಾದ ಖರ್ಚು ಗ್ರಾಫಿಕ್ಸ್ ಕಾರ್ಡ್ ಮತ್ತು ಒಳ್ಳೆ ಎಸ್‌ಎಂಪಿಎಸ್ ಎರಡೇ.

ಆದ್ದರಿಂದ ನನ್ನ ತೀರ್ಪು: ಓದುವ ಮಕ್ಕಳಿದ್ದು, ಯಂತ್ರ ಬಿಚ್ಚಿ ನೋಡುವ ಆಸೆಯೂ ಇದ್ದರೆ ಪಿಸಿಯ ಶ್ರಮ ದಂಡವಲ್ಲ. ಕೆಲಸ ಮುಗಿಸಿ ಬಂದು ರಾತ್ರಿ ಒಂದು ಗಂಟೆ ಆಡುವವರು ಕನ್ಸೋಲ್ ತಗೊಳ್ಳಿ. ಅಂಗಡಿಗೆ ಬರುವ ಮುಂಚೆ ಆಡಬೇಕಾದ ಆಟಗಳ ಹೆಸರು, ಇನ್ವರ್ಟರ್‌ನ ವಿಎ ಎರಡನ್ನೂ ಚೀಟಿಯಲ್ಲಿ ಬರೆದು ತನ್ನಿ; ಅರ್ಧ ಕೆಲಸ ಮುಗಿದಂತೆ.