ಪಾಠಶಾಲೆಯ ಬಾಲಕ: ‘ಘಟಶ್ರಾದ್ಧ’ದ ನಾಣಿ

ಓದಿಗಾಗಿ ಮನೆ ಬಿಟ್ಟು ಬರುವ ಬಾಲಕನ ಮನಸ್ಸು ಎಂಥದೆಂಬುದನ್ನು ನಲ್ಲೂರಿನ ಸುತ್ತಮುತ್ತಲ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಟ್ರಂಕು, ಹಾಸಿಗೆಯ ಸುರುಳಿ, ಮಗನನ್ನು ಒಪ್ಪಿಸಿ ಬಸ್ಸು ಹತ್ತುವ ತಂದೆ—ವಿದ್ಯಾರ್ಥಿನಿಲಯದಲ್ಲಿ ಬೆಳೆದವರೆಲ್ಲರ ನೆನಪಿನಲ್ಲಿಯೂ ಇವು ಉಂಟು. ಈ ಒಂಟಿತನವನ್ನು ಕನ್ನಡದಲ್ಲಿ ಅತ್ಯಂತ ತೀಕ್ಷ್ಣವಾಗಿ ಚಿತ್ರಿಸಿದ ಕೃತಿಗಳಲ್ಲಿ ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಒಂದು. 1963ರ ‘ಪ್ರಶ್ನೆ’ ಸಂಕಲನದಲ್ಲಿರುವ ಈ ನೀಳ್ಗತೆ ಗಾತ್ರದಲ್ಲಿ ಕಾದಂಬರಿಯಲ್ಲದಿದ್ದರೂ ಪರಿಣಾಮದಲ್ಲಿ ಕಾದಂಬರಿಗೆ ಕಡಿಮೆಯಾದುದಲ್ಲ. ಲೇಖಕರು 1932ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಜನಿಸಿ, ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವರು. ಚನ್ನಗಿರಿಯೂ 1997ರವರೆಗೆ ಶಿವಮೊಗ್ಗ ಜಿಲ್ಲೆಗೇ ಸೇರಿದ್ದುದರಿಂದ ಆ ಸೀಮೆ ಇಲ್ಲಿಯವರಿಗೆ ಪರಸ್ಥಳವೇನಲ್ಲ.

ನಾಣಿ ವೇದಾಧ್ಯಯನಕ್ಕೆಂದು ಉಡುಪರ ಮನೆಗೆ ಬಂದ ಎಳೆಯ ಬಾಲಕ. ಹಿರಿಯ ವಿದ್ಯಾರ್ಥಿಗಳು ಅವನನ್ನು ಕಾಡುತ್ತಾರೆ. ಅವನಿಗೆ ತಾಯಿಯ ಮಡಿಲಿನ ಬೆಚ್ಚನೆಯನ್ನು ಕೊಡುವವಳು ಉಡುಪರ ವಿಧವೆ ಮಗಳು ಯಮುನಕ್ಕ ಒಬ್ಬಳೇ. ಧನಸಂಗ್ರಹಕ್ಕಾಗಿ ಉಡುಪರು ಪರವೂರಿಗೆ ಹೋದಾಗ ಆಕೆ ಗರ್ಭಿಣಿಯೆಂಬ ಮಾತು ಅಗ್ರಹಾರದಲ್ಲಿ ಹಬ್ಬುತ್ತದೆ. ಗರ್ಭಕ್ಕೆ ಕಾರಣನಾದ ಶಾಲಾಮಾಸ್ತರನನ್ನು ಯಾರೂ ಜಾತಿಯಿಂದ ಹೊರಗಿಡುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಸಾಯಬೇಕೆಂದು ಯಮುನೆ ಹಾವಿನ ಹುತ್ತದೊಳಗೆ ಕೈಯಿಡುವಾಗ ಬಳಿಯಿರುವವನು ಈ ಬಾಲಕನೇ. ಏನು ನಡೆಯುತ್ತಿದೆಯೆಂಬುದು ಅವನಿಗೆ ಪೂರ್ತಿಯಾಗಿ ತಿಳಿಯದು. ಭಯವು ಮಾತ್ರ ಪೂರ್ತಿಯಾಗಿ ತಿಳಿಯುತ್ತದೆ. ಕಥೆಯ ಶಕ್ತಿಯೆಲ್ಲ ಈ ಅರೆತಿಳಿವಿನಲ್ಲಿದೆ.

ಬದುಕಿರುವ ವ್ಯಕ್ತಿಯನ್ನು ಸತ್ತವಳೆಂದೆಣಿಸಿ, ಘಟವೊಂದನ್ನು ಅವಳ ಸ್ಥಾನದಲ್ಲಿಟ್ಟು, ಉತ್ತರಕ್ರಿಯೆ ನಡೆಸಿ ಸಂಬಂಧವನ್ನು ಕಡಿದುಕೊಳ್ಳುವ ವಿಧಿಯೇ ಘಟಶ್ರಾದ್ಧ. ಅದನ್ನು ನಡೆಸುವವರು ಹೆತ್ತ ತಂದೆಯೇ. ಅಷ್ಟೇ ಅಲ್ಲ, ಮಗಳನ್ನು ಹೊರಹಾಕಿದ ಆ ವೃದ್ಧರಿಗೆ ಎಳೆಯ ಕನ್ಯೆಯೊಂದಿಗೆ ಮರುಮದುವೆಯ ಮಾತುಕತೆಯೂ ನಡೆಯುತ್ತದೆ. ಲೇಖಕರು ಇಲ್ಲಿ ಒಂದು ಕಟುವಾಕ್ಯವನ್ನೂ ಬರೆಯದಿರುವುದು ಅವರ ಸಂಯಮವೇ ಸರಿ. ಗುರುವಿನ ಬಾಯಿಂದ ಮಂತ್ರ ಕಲಿತ ಶಿಷ್ಯನು ಅದೇ ಬಾಯಿಂದ ಈ ಮಂತ್ರವನ್ನೂ ಕೇಳಬೇಕಾಯಿತು.

ಜೆ. ಡಿ. ಸ್ಯಾಲಿಂಜರನ ‘ದಿ ಕ್ಯಾಚರ್ ಇನ್ ದ ರೈ’ (1951) ತಾರುಣ್ಯದ ಪರಕೀಯ ಭಾವಕ್ಕೆ ಜಗತ್ತಿನಲ್ಲೆಲ್ಲ ಹೆಸರಾದ ಅಮೆರಿಕದ ಕಾದಂಬರಿ. ಅದರ ನಾಯಕ ಹದಿನಾರರ ಹೋಲ್ಡನ್ ಕೂಡ ವಸತಿಶಾಲೆಯ ಹುಡುಗನೇ. ನಾಲ್ಕು ವಿಷಯಗಳಲ್ಲಿ ಅನುತ್ತೀರ್ಣನಾಗಿ, ಶಾಲೆಯಿಂದ ಹೊರಹಾಕಲ್ಪಟ್ಟು, ಮನೆಗೆ ಹೋಗಲಾರದೆ ನ್ಯೂಯಾರ್ಕಿನಲ್ಲಿ ಅಲೆಯುತ್ತಾನೆ. ಹಿರಿಯರ ಲೋಕವೆಲ್ಲ ಅವನಿಗೆ ಬೂಟಾಟಿಕೆ. ಪ್ರಪಾತದ ಅಂಚಿನಲ್ಲಿ ನಿಂತು, ಆಡುತ್ತ ಬೀಳಲಿರುವ ಮಕ್ಕಳನ್ನು ಹಿಡಿದುಕೊಳ್ಳಬೇಕೆಂಬುದು ಅವನ ಕನಸು. ನಾಣಿಯಲ್ಲಿ ಇದು ತಿರುಗುಮುರುಗಾಗಿದೆ: ಇಲ್ಲಿ ಬೀಳುತ್ತಿರುವವಳು ದೊಡ್ಡವಳು, ಹಿಡಿಯಲು ಕೈಚಾಚುವವನು ಮಗು. ಹೋಲ್ಡನ್‌ನ ಬಳಿ ಖರ್ಚಿಗೆ ಹಣವಿದೆ, ಬೈಯಲು ಮಾತಿದೆ. ನಾಣಿಗೆ ಎರಡೂ ಇಲ್ಲ. ಆದುದರಿಂದಲೇ ಅವನ ಮೌನ ಹೋಲ್ಡನ್‌ನ ವಾಚಾಳಿತನಕ್ಕಿಂತ ಭಾರವಾಗಿ ತೋರುತ್ತದೆ.

ಗಿರೀಶ ಕಾಸರವಳ್ಳಿಯವರು 1977ರಲ್ಲಿ ಈ ಕಥೆಯನ್ನು ತಮ್ಮ ಮೊದಲ ಕಥಾಚಿತ್ರವನ್ನಾಗಿಸಿದರು. ಅದು ರಾಷ್ಟ್ರಪತಿಗಳ ಸ್ವರ್ಣಕಮಲವನ್ನು ಪಡೆಯಿತು. 2024ರಲ್ಲಿ ಅದರ ನವೀಕೃತ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ನಾಣಿ ಯಮುನೆಗಾಗಿ ಏನನ್ನೂ ಮಾಡಲಿಲ್ಲವಲ್ಲ ಎಂದು ತರುಣ ವಾಚಕರು ಕೇಳಬಹುದು. ಮಾಡಬಲ್ಲವರಾಗಿದ್ದ ಹಿರಿಯರು ಊರಿನಲ್ಲಿ ಹಲವರಿದ್ದರು. ನಾಣಿಯನ್ನಾದರೋ ಅವನ ತಂದೆ ಬಂದು ಮನೆಗೆ ಕರೆದೊಯ್ಯುತ್ತಾನೆ. ಚಿತ್ರದ ಕೊನೆಯಲ್ಲಿ ದಾರಿಯ ಮರದಡಿ ತಲೆ ಬೋಳಿಸಿಕೊಂಡು ಒಬ್ಬಳೇ ಕುಳಿತ ಯಮುನೆ ಅವನ ಕಣ್ಣಿಗೆ ಬೀಳುತ್ತಾಳೆ. ತಂದೆಯ ನಡಿಗೆ ನಿಲ್ಲುವುದಿಲ್ಲ.